ಕಮಲಾಪುರದ ಸ್ಕೂಟಿ ಕ್ಲಾಸು

ಡಿಗ್ರಿ ಮುಗಿದ ವರ್ಷ ನಾನು ಕಲಬುರಗಿಯ ಒಂದು ಸ್ವಯಂಸೇವಕರ ತಂಡ ಸೇರಿದೆ. ಅವರು ಕೊಟ್ಟ ನೀಲಿ ಟೀ ಶರ್ಟಿನ ಬೆನ್ನ ಮೇಲೆ ‘ಬದಲಾವಣೆ ನನ್ನಿಂದಲೇ’ ಎಂದು ಬರೆದಿತ್ತು. ಅಂದಿನಿಂದ ಮನೆಯಲ್ಲಿ ಅವ್ವ, “ಬದಲಾವಣೆ, ಬಾಂಡೆ ತಿಕ್ಕು ಬಾ” ಎಂದೇ ಕರೆಯತೊಡಗಿದಳು.

ನನ್ನ ಪಾಲಿಗೆ ಬಂದದ್ದು ಕಮಲಾಪುರ. ಅಲ್ಲಿಯ ಕಾಲೇಜು ಹುಡುಗಿಯರಿಗೆ ಭಾನುವಾರಗಳಂದು ನಾಯಕತ್ವದ ತರಬೇತಿ ಕೊಡಬೇಕಿತ್ತು. ನಾಯಕತ್ವದಲ್ಲಿ ನನಗಿದ್ದ ಅನುಭವವೆಂದರೆ, ಕಾಲೇಜು ಟ್ರಿಪ್ಪಿನಲ್ಲಿ ಬಸ್ಸಿನ ಬಾಗಿಲಿಗೆ ನಿಂತು ತಲೆ ಎಣಿಸಿದ್ದು. ಆಗಲೂ ಒಬ್ಬಳನ್ನು ಬಿಟ್ಟು ಬಂದಿದ್ದೆವು.

ತರಬೇತಿಗೆ ಪಡಸಾಲೆ ಬಿಟ್ಟುಕೊಟ್ಟವರು ಬಾಳೆತೋಟದ ಮನೆಯ ಹೆಂಗಸು. ಊರಿಗೆಲ್ಲ ಅವರು ಕಾಕಿ. ಮಗಳು ತರಬೇತಿಗೆ ಕೂತರೆ, ತಾವು ಹೊಸ್ತಿಲಲ್ಲಿ ತೊಗರಿಬೇಳೆ ಆರಿಸುತ್ತ ಕೇಳುತ್ತಿದ್ದರು. ಮೊದಲ ದಿನ ನಾನು ಆತ್ಮವಿಶ್ವಾಸದ ಬಗ್ಗೆ ಬಹಳ ಹೊತ್ತು ಮಾತಾಡಿದೆ.

“ತಂಗಿ, ನೀರ ಕುಡಿ,” ಎಂದರು ಕಾಕಿ. “ನಿನ್ನ ಆತ್ಮವಿಶ್ವಾಸದ ಕೈ ನಡಗಾಕತ್ತಾವ.”

ಹುಡುಗಿಯರು ನಕ್ಕರು. ಏನಾದರೂ ಪ್ರಶ್ನೆ ಇದೆಯೇ ಎಂದೆ. ಕಾಕಿಯ ಮಗಳು ಕೈಯೆತ್ತಿದಳು.

“ಅಕ್ಕಾ, ಹೊರಗ ನಿಂತ ಸ್ಕೂಟಿ ನಿಮ್ಮದೇನ್ರೀ? ಕಲಬುರಗಿಯಿಂದ ನೀವೊಬ್ಬರೇ ಹೊಡಕೊಂಡು ಬಂದೀರಿ?”

“ಹೌದು.”

“ಮತ್ತ ಅದನ್ನೇ ಕಲಿಸ್ರಿ. ನಮ್ಮ ತಮ್ಮ ಸಿಟ್ಟಿಗೆದ್ದ ದಿನ ನನಗ ಕಾಲೇಜಿಲ್ಲ. ಬಸ್‌ಸ್ಟ್ಯಾಂಡ್ ತನಕ ಬಿಡೋರು ಯಾರು?”

ಮುಂದಿನ ವಾರದಿಂದ ತರಬೇತಿಯು ಊರ ಶಾಲೆಯ ಹಿಂದಿನ ಬಯಲಿಗೆ ಹೋಯಿತು. ಹುಡುಗಿಯರು ಗಾಡಿ ಮೇಲೆ, ನಾನು ಹಿಂದೆ ಸೀಟು ಹಿಡಿದು ಓಟ. ಕಾಕಿ ಬೇವಿನ ನೆರಳಲ್ಲಿ ಕೂತು, “ಇಕಿ ಕಲಿಸಾಕ ಬಂದಾಳೋ, ತೆಳ್ಳಗಾಗಾಕ ಬಂದಾಳೋ?” ಎನ್ನುತ್ತಿದ್ದರು. ಬಿದ್ದವರಿಗೆಲ್ಲ ಒಂದೊಂದು ಹೆಸರಿಟ್ಟರು. ಕೊನೆಗೊಂದು ದಿನ ತಾವೇ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, “ಸರಿ ಅತ್ತಾಗ, ನಾನೂ ನೋಡ್ತೇನಿ” ಎಂದರು.

ನಮ್ಮ ತಂಡದ ಮುಖ್ಯಸ್ಥರು ತರಬೇತಿ ನೋಡಲು ಬರಬೇಕಾದದ್ದು ಅಂದೇ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು ಬಯಲಿನ ನಡುವೆ ನಿಂತು, “ಎಲ್ಲಮ್ಮಾ ನಾಯಕತ್ವ?” ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ, ಗಾಡಿ ಏರಿದ್ದ ಕಾಕಿ ನನ್ನ ಕೈ ತಪ್ಪಿಸಿಕೊಂಡು ನೇರ ಅವರತ್ತ ಹೊರಟಿದ್ದರು.

“ಸರೀರಿ ಸಾಹೇಬ್ರ, ಸರೀರಿ! ಬ್ರೇಕ್ ಇನ್ನಾ ಕಲಿಸಿಲ್ಲ!”

ಸಾಹೇಬರು ಪಕ್ಕದ ತೊಗರಿ ಹೊಟ್ಟಿನ ಗುಡ್ಡೆಗೆ ಹಾರಿದರು. ಸ್ಕೂಟಿಯೂ ಅದೇ ಗುಡ್ಡೆಗೆ ನುಗ್ಗಿ ನಿಂತಿತು. ಗಾಡಿ ಹತ್ತಿಸುವ ಮೊದಲೇ ಬ್ರೇಕು ಹೇಳಿಕೊಟ್ಟಿದ್ದೆ ಎಂದು ನಾನು ಕೂಗಿದ್ದು ಯಾರಿಗೂ ಕೇಳಲಿಲ್ಲ. ಕಾಕಿ ಗಾಡಿಯಿಂದ ಇಳಿದು, ಸಾಹೇಬರ ಜುಬ್ಬಾದ ಹೊಟ್ಟು ಕೊಡವುತ್ತ, “ಇಕಿ ಮಾತಾಡಿದ್ದು ಒಂದೂ ತಿಳೀಲಿಲ್ರೀ ನಮಗ. ಇದು ತಿಳೀತು. ಇದನ್ನ ನಿಲ್ಲಸಬ್ಯಾಡ್ರಿ” ಎಂದರು. ತಮಾಷೆಯಿಲ್ಲದ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಆಗಲೇ ಮೊದಲು. ಸಾಹೇಬರು ಸೀನುತ್ತ ತಲೆಯಾಡಿಸಿದರು.

ಕ್ಲಾಸು ನಡೆಯಿತು. ಹುಡುಗಿಯರು ಒಬ್ಬೊಬ್ಬರಾಗಿ ಲೈಸೆನ್ಸ್ ಮಾಡಿಸಿದರು. ಕಾಕಿಯ ಮಗಳು ಮೊದಲ ಸಲ ಒಬ್ಬಳೇ ಹೆದ್ದಾರಿಯತ್ತ ತಿರುಗಿದ ಬೆಳಿಗ್ಗೆ ಕಾಕಿ ಹೊಸ್ತಿಲಲ್ಲಿ ಕೂತು, ಆರಿಸಿದ ಬೇಳೆಯನ್ನೇ ಮತ್ತೆ ಮತ್ತೆ ಆರಿಸಿದರು. ಅದನ್ನು ನೋಡಿ ನನಗೇ ದಿಗಿಲಾಗಿ ಅವರ ಕೈ ಹಿಡಿದುಕೊಂಡೆ. ಮಗಳು ಮರಳಿ ಬಂದು ಗಾಡಿ ನಿಲ್ಲಿಸಿದ ಮೇಲೆಯೇ ಅವರ ಬಾಯಿ ತೆರೆದದ್ದು: “ಇಷ್ಟೊತ್ತು ಎಲ್ಲಿ ಹೋಗಿದ್ದಿ, ದಿಲ್ಲಿಗೇನು?”

ಈಗ ಅವಳ ತಮ್ಮನೇ ಬಸ್‌ಸ್ಟ್ಯಾಂಡಿಗೆ ಬಿಡು ಎಂದು ಅಕ್ಕನ ಹಿಂದೆ ತಿರುಗುತ್ತಾನೆ. ಕಾಕಿ ತೋಟಕ್ಕೆ ಗಾಡಿಯಲ್ಲೇ ಹೋಗುತ್ತಾರೆ; ಎದುರು ಬರುವವರು ಮಾತ್ರ ಈಗಲೂ ದೂರದಿಂದಲೇ ದಾರಿ ಬಿಡುತ್ತಾರೆ. ಮೊನ್ನೆ ಹೋದಾಗ ಕೆಂಪು ಬಾಳೆಹಣ್ಣು ಕೈಗಿಟ್ಟು ಕೇಳಿದರು:

“ತಂಗಿ, ನಿನಗ ಕಾರ್ ಹೊಡಿಯಾಕ ಬರ್ತದೇನು?”

“ಇಲ್ಲ ಕಾಕಿ.”

“ಮತ್ತ ಇಲ್ಲೇನ್ ಮಾಡಾಕತ್ತಿ? ಹೋಗು, ಲಗೂನ ಕಲತು ಬಾ.”