ಕೈ ಹಚ್ಚಲೇನವಾ?

ಸಂಪಗಾಂವದ ಶಾಲೆಯಲ್ಲಿ ಬೇಸಿಗೆಯ ವಿಜ್ಞಾನ ಶಿಬಿರ ನಡೆಸಿದ ಶಿಕ್ಷಕಿಗೆ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರಿಗೆ, ಒಂದು ರೂಢಿಯಿತ್ತು. ಮಕ್ಕಳು ಮಾಡಿದ ಯಾವ ವಸ್ತುವನ್ನಾದರೂ ಮುಟ್ಟುವ ಮೊದಲು, "ಕೈ ಹಚ್ಚಲೇನವಾ?" ಎಂದು ಕೇಳುವರು. ಮಗು ಬೇಡವೆಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಡುವರು.

ಕೊನೆಯ ದಿನ ಮಕ್ಕಳು ಮಾಡಿದ್ದನ್ನು ಊರವರಿಗೆಲ್ಲ ತೋರಿಸುವುದಿತ್ತು. ನನ್ನ ಮಗಳು ತನ್ನ ಆಯಿಗೆಂದು, ಅಂದರೆ ನಮ್ಮವ್ವನಿಗೆಂದು, ಕಾಗೆ ಓಡಿಸುವ ಗಾಳಿಚಕ್ರ ಮಾಡಿದ್ದಳು. ಚಕ್ರ ತಿರುಗಿದರೆ ಕಡ್ಡಿಯೊಂದು ತಗಡಿನ ಡಬ್ಬಿಗೆ ಬಡಿಯಬೇಕು. ಇನ್ನು ಆಯಿ ಸಂಡಿಗೆ ಕಾಯುತ್ತ ಬಿಸಿಲಲ್ಲಿ ಕೂಡಬೇಕಿಲ್ಲ ಎಂದು ಓಣಿಗೆಲ್ಲ ಸಾರಿಬಿಟ್ಟಿದ್ದಳು. ಗಾಳಿ ಬೀಸಿತು, ಚಕ್ರವೂ ತಿರುಗಿತು, ಆದರೆ ಕಡ್ಡಿ ಡಬ್ಬಿಗೆ ತಾಗಲೇ ಇಲ್ಲ. ಮಗಳ ಕಣ್ಣು ತುಂಬಿ ಬಂದವು.

"ಕಾಗಿ ಇದರ ಮ್ಯಾಲ ಕುಂತು ಜೋಕಾಲಿ ಆಡತಾವು. ತಾ ಇಲ್ಲೆ," ಎನ್ನುತ್ತ ಅವ್ವ ಕೈ ಚಾಚಿದಳು.

"ಮೊದಲ ಅಕೀನ್ನ ಕೇಳ್ರಿ, ಅಮ್ಮಾರ," ಎಂದರು ಅಕ್ಕೋರು.

ಅವ್ವ ಹುಬ್ಬೇರಿಸಿದಳು. ಆಮೇಲೆ ಮೆಲ್ಲಗೆ, "ಕೈ ಹಚ್ಚಲೇನ, ನನ್ನವ್ವಾ?" ಎಂದಳು.

"ಬ್ಯಾಡ ಆಯಿ, ನಾನ ನೋಡತೇನಿ."

ಮಗಳು ಮೂಗೊರೆಸಿಕೊಂಡು ಕಡ್ಡಿ ಕಟ್ಟಿದ ತಂತಿಯನ್ನು ಬಗ್ಗಿಸತೊಡಗಿದಳು. ಜನ ಮುಂದಿನ ಮೇಜಿಗೆ ಹೋಗಲು ಅವಸರಪಡುತ್ತಿದ್ದರು. "ಸಾವಕಾಶ ಮಾಡವಾ," ಎಂದು ಅಕ್ಕೋರು ನಗುತ್ತ ನಿಂತಿದ್ದರು. ನಾನು ಅವರ ಹಿಂದೆಯೇ ಇದ್ದೆ. ಬೆನ್ನ ಹಿಂದಿನ ಅವರ ಕೈಗಳು ಸೆರಗಿನ ತುದಿಯನ್ನು ಒದ್ದೆ ಬಟ್ಟೆಯಂತೆ ಹಿಂಡುತ್ತಿದ್ದವು.

ಡಬ್ಬಿ ಟಣ್ ಎಂದಿತು. ಎಲ್ಲರಿಗಿಂತ ಮೊದಲು ಅವ್ವ ಚಪ್ಪಾಳೆ ತಟ್ಟಿದಳು. ಆಗ ಅಕ್ಕೋರ ಬೆರಳುಗಳು ಸೆರಗನ್ನು ಬಿಟ್ಟವು.