ನಾಲ್ಕು ಮನೆಯ ಸರಪಳಿ

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಓಟದ ಹಾಳೆಯಲ್ಲಿ ನಾನು ಬರೆದ ಕೊನೆಯ ಸಮಯ ಅದು. ಆಮೇಲೆ ಹಾಳೆ ಖಾಲಿ. ಆ ಹೊತ್ತಿನಲ್ಲಿ ನಾನು ಜೀಪಿನ ಹಿಂದಿನ ಸೀಟಿನಿಂದ ಒಂದು ಕೈಯನ್ನು ನೋಡುತ್ತಿದ್ದೆ. ಕಿರುಬೆರಳು, ಉಂಗುರ ಬೆರಳು ಎರಡೂ ಬುಡದಿಂದಲೇ ಇಲ್ಲದ ಎಡಗೈ. ಉಳಿದ ಮೂರು ಬೆರಳು ಒಂದು ಗೇಣುದ್ದದ ಬಿದಿರು ಕೋಲನ್ನು ಹಿಡಿದು ಮುಂದೆ ಮುಂದೆ ಹೋಗುತ್ತಿದ್ದವು. ಹೋಗುತ್ತಿದ್ದ ಆ ಕೈ ನಡುರಸ್ತೆಯಲ್ಲಿ ಗಕ್ಕನೆ ನಿಂತಿತು.

ಅದು ನಮ್ಮ ಮೇಸ್ತ್ರಿಯ ಕೈ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಎಸ್ಸಿ. ಮುಗಿಸಿ ಆ ಸೀಮೆಯ ಒಂದು ವಿದ್ಯುತ್ ಕಚೇರಿಗೆ ಕ್ಲರ್ಕ್ ಆಗಿ ಸೇರಿ ಎರಡು ವರ್ಷವಾಗಿತ್ತು. ಯಾವ ಊರಿನ ಕಚೇರಿ ಎಂಬುದು ಬೇಡ. ಲೈನ್‌ಮನ್ನುಗಳ ತಂಡದ ಹಿರಿಯನನ್ನು ನಮ್ಮಲ್ಲಿ ಮೇಸ್ತ್ರಿ ಎನ್ನುತ್ತಿದ್ದರು. ಇವರಿಗೆ ನಿವೃತ್ತಿಗೆ ಇನ್ನು ಐದಾರು ವರ್ಷ ಉಳಿದಿತ್ತು. ಜಾಲಿಕಟ್ಟಿಗೆಯಂಥ ಮೈ, ಬಾಯಿ ತೆರೆದರೆ ಯಾರಿಗಾದರೂ ಚುಚ್ಚುವ ಮಾತು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅವರಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನ್ನನ್ನು ಅವರು ಕರೆಯುತ್ತಿದ್ದದ್ದು "ಡಿಗ್ರೀ ತಂಗಿ" ಎಂದು. ಒಮ್ಮೆ ಯಾವುದೋ ಫಾರ್ಮು ತಪ್ಪಾಗಿದೆ ಎಂದು ಹೇಳಿದ್ದಕ್ಕೆ, ಎಲ್ಲರೆದುರು, "ಕುರ್ಚಿಗೆ ಕರೆಂಟ್ ಹೊಡಿಯೂದಿಲ್ಲ ನೋಡು, ಅದಕ ನಿನಗ ಎಲ್ಲಾ ತಿಳದೈತಿ" ಎಂದಿದ್ದರು.

ಅವರಿಗೊಂದು ಅಭ್ಯಾಸವಿತ್ತು. ಯಾವುದನ್ನೇ ಆಗಲಿ ಮೊದಲು ಮುಂಗೈಯಿಂದ, ಅಂಗೈಯ ಬೆನ್ನಿನಿಂದ, ಮುಟ್ಟುವರು. ಕಬ್ಬಿಣದ ಬಾಗಿಲು, ಬೀರು, ಕೊನೆಗೆ ಹೋಟೆಲಿನ ಚಹದ ಲೋಟವನ್ನೂ ಕೈ ತಿರುಗಿಸಿ ಸೋಕಿಸಿ ನೋಡಿಯೇ ಹಿಡಿಯುತ್ತಿದ್ದರು. ನಾವು ನಕ್ಕರೆ, "ಕರೆಂಟ್ ಇದ್ದರ ಅಂಗೈ ಹಿಡಕೊಂತೈತಿ, ಮುಂಗೈ ಬಿಟ್ಟು ಬರ್ತೈತಿ. ನಕ್ಕೊಂಡು ಸಾಯಿರಿ" ಎನ್ನುತ್ತಿದ್ದರು.

ಕಂಬ ಹತ್ತುವ ಮುನ್ನ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ 'ಲೈನ್ ಕ್ಲಿಯರ್' ತೆಗೆದುಕೊಳ್ಳುವುದು ನಿಯಮ. ಅಲ್ಲಿನ ಆಪರೇಟರ್ ಆ ಲೈನನ್ನು ಬಂದ್ ಮಾಡಿ, ಕೇಳಿದವನ ಹೆಸರು, ಗಂಟೆ ಬರೆದುಕೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ತೆಗೆದುಕೊಂಡವನೇ ಅದನ್ನು ವಾಪಸ್ ಕೊಡಬೇಕು. ಅಲ್ಲಿಯವರೆಗೆ ಲೈನಿಗೆ ಕರೆಂಟು ಬಿಡುವಂತಿಲ್ಲ. ಉಳಿದವರಿಗೆ ಇಷ್ಟು ಸಾಕಿತ್ತು. ಮೇಸ್ತ್ರಿಗೆ ಸಾಲದು. ಮೇಲೆ ಹೋದವರೇ ಮೂರು ತಂತಿಗೂ ಅಡ್ಡಲಾಗಿ ಒಂದು ಕಬ್ಬಿಣದ ಸರಪಳಿ ಹಾಕಿ, ಅದರ ಬಾಲವನ್ನು ನೆಲಕ್ಕೆ ಇಳಿಬಿಟ್ಟು ಹುಗಿಯುವರು. ಯಾರಾದರೂ ತಪ್ಪಿ ಕರೆಂಟು ಬಿಟ್ಟರೆ ಅದು ಸರಪಳಿ ಹಿಡಿದು ಮಣ್ಣಿಗೆ ಹೋಗಬೇಕು, ಮನುಷ್ಯನ ಮೈಗಲ್ಲ. "ಫೋನಿನ್ಯಾಗ ಮಾತಾಡಾವ ಮನಷ್ಯಾ. ಸರಪಳಿ ಮನಷ್ಯಾ ಅಲ್ಲ" ಎಂದು ಅವರ ವಾದ. ಹಿಂದೊಮ್ಮೆ ಮನುಷ್ಯನನ್ನು ನಂಬಿ ಎರಡು ಬೆರಳು ಕಳೆದುಕೊಂಡಿದ್ದರು.

ಆ ವರ್ಷ ನೌಕರರ ಕ್ರೀಡಾಕೂಟಕ್ಕೆ ದೂರದ ರಿಲೇ ಓಟವೊಂದನ್ನು ಸೇರಿಸಿದರು. ಕೂಡ್ಲಿಗಿಯಲ್ಲಿ ಹೊರಟು, ಕೊಟ್ಟೂರು, ಹಗರಿಬೊಮ್ಮನಹಳ್ಳಿ ದಾಟಿ ಹಡಗಲಿ ಮುಟ್ಟಬೇಕು. ಒಂದೊಂದು ಕಚೇರಿಯಿಂದ ಹತ್ತು ಮಂದಿ. ಏಳೆಂಟು ಕಿಲೋಮೀಟರ್ ಓಡಿ ಕೋಲನ್ನು ಮುಂದಿನವನ ಕೈಗೆ ಕೊಡುವುದು. ನಮ್ಮ ಇಂಜಿನಿಯರ್ ಸಾಹೇಬರಿಗೆ ಹರಪನಹಳ್ಳಿ ತಂಡವನ್ನು ಸೋಲಿಸಲೇಬೇಕೆಂಬ ಹುಚ್ಚು ಹತ್ತಿತು. ಹತ್ತು ದಿನ ಲೈನ್‌ಮನ್ನುಗಳಿಗೆ ಬೇರೆ ಕೆಲಸವೇ ಇಲ್ಲ, ಬೆಳಿಗ್ಗೆ ಸಂಜೆ ಓಟ. ಜೀಪಿನಲ್ಲಿ ಹಿಂದೆ ಹಿಂದೆ ಹೋಗಿ ಸಮಯ ಬರೆಯುವ ಕೆಲಸ ನನಗೆ ಬಂತು.

"ಕಂಬದ ಮ್ಯಾಲಿರೂ ಮಂದೀನ ರೋಡಿನ ಮ್ಯಾಲೆ ಓಡಸಾಕತ್ಯಾರ. ನಾಳೆ ಎತ್ತಿನ ಕೈಲೆ ಮಸರು ಕಡಸ್ತಾರ," ಎಂದು ಮೇಸ್ತ್ರಿ ಸಾಹೇಬರ ಬಾಗಿಲ ಹೊರಗೇ ನಿಂತು ಗಟ್ಟಿಯಾಗಿ ಹೇಳಿದರು. ಅದಕ್ಕೇ ಇರಬೇಕು, ಒಬ್ಬನ ಕಾಲು ಉಳುಕಿದಾಗ ಸಾಹೇಬರು ಆ ಜಾಗಕ್ಕೆ ಅವರನ್ನೇ ಹಾಕಿದರು. ಮುದುಕ ಅರ್ಧದಲ್ಲಿ ಕೂತರೆ ಬಾಯಿ ಮುಚ್ಚುತ್ತದೆ ಎಂದುಕೊಂಡಿದ್ದರೇನೋ. ಅವರು ಕೂರಲಿಲ್ಲ. ಇಪ್ಪತ್ತೈದು ವರ್ಷ ಲೈನಿನ ಜೊತೆ ಹೊಲ ಹೊಲ ನಡೆದ ಕಾಲು. ಬರಿಗಾಲಲ್ಲಿ, ಖಾಕಿ ಚಡ್ಡಿಯಲ್ಲಿ, ಒಂದೇ ಹದದಲ್ಲಿ ಓಡಿದರು. ಓಡುವಾಗಲೂ ರಸ್ತೆ ನೋಡಲಿಲ್ಲ. ತಲೆಯೆತ್ತಿ ತಂತಿಯನ್ನೇ ನೋಡುತ್ತ ಓಡಿದರು.

ಕೊಟ್ಟೂರು ದಾಟಿದ ಮೇಲಿನ ಒಂದು ಹಳ್ಳಿಯಲ್ಲಿ ರಸ್ತೆಗೆ ಅಡ್ಡಲಾಗಿ ಕೊಡಗಳ ಸಾಲಿತ್ತು. ಪ್ಲಾಸ್ಟಿಕ್ಕಿನವು, ಸ್ಟೀಲಿನವು, ಎಲ್ಲವೂ ಖಾಲಿ. ಹಿಂದೆ ನೂರೈವತ್ತು ಜನ. ಮೇಸ್ತ್ರಿ ನಿಂತದ್ದು ಅಲ್ಲಿ. ನಾನು ಒಂಬತ್ತು ನಲವತ್ತು ಎಂದು ಬರೆದೆ.

ಸಾಹೇಬರು ಜೀಪಿನಿಂದ ತಲೆ ಹಾಕಿದರು. "ಏನಮ್ಮಾ ಇದು? ರೇಸ್ ನಡದೈತಿ, ಸರೀರಿ."

ಮುಂದೆ ನಿಂತ ಹೆಂಗಸು ಸೊಂಟದ ಮೇಲಿನ ಕೈ ತೆಗೆಯಲಿಲ್ಲ. "ನಿಮ್ಮ ರೇಸಿಗೆ ಬೆಂಕಿ ಹಚ್ಚ! ಎಂಟು ದಿನ ಆತು ಊರಿಗೆ ಕರೆಂಟಿಲ್ಲ, ಬೋರ್ ಎದ್ದಿಲ್ಲ, ಕುಡಿಯಾಕ ನೀರಿಲ್ಲ. ಮೂರು ಸಲ ಬಂದು ಬರಸೇವಿ. ನೋಡ್ರಿ, ಇಕಾ, ಈಕೀನ ಬರಕೊಂಡಾಕಿ!"

ಬೆರಳು ನನ್ನ ಕಡೆಗಿತ್ತು. ಸುಳ್ಳಲ್ಲ. ದೂರಿನ ಪುಸ್ತಕದಲ್ಲಿ ಮೂರು ಸಲವೂ ದುಂಡಗೆ ಬರೆದುಕೊಂಡಿದ್ದೆ. ಸಾಹೇಬರು ಓಟ ಮುಗಿಯಲಿ ಎಂದಿದ್ದರು. ನಾನು ಪುಸ್ತಕ ಮುಚ್ಚಿದ್ದೆ.

ಒಬ್ಬ ಜೀಪಿನ ಕೀಲಿ ಕಿತ್ತುಕೊಂಡ. ಇನ್ನೊಬ್ಬ ಬಾರುಕೋಲಿನ ಹಿಡಿಯಿಂದ ಜೀಪಿನ ಬದಿಗೆ ಬಾರಿಸತೊಡಗಿದ. ಆ ಸದ್ದು ನನ್ನ ಹಲ್ಲಿನೊಳಗೆ ಕೇಳುತ್ತಿತ್ತು. ಕೆಂಪು ಟವೆಲ್ಲಿನವನೊಬ್ಬ ಮೇಸ್ತ್ರಿಯ ಅಂಗಿಯ ಕೊರಳಪಟ್ಟಿ ಹಿಡಿದ. "ಓಡಾಕ ಕಾಲದಾವ, ಕಂಬ ಹತ್ತಾಕ ಕಾಲಿಲ್ಲೇನಲೇ?"

ಮೇಸ್ತ್ರಿ ಆ ಕೈ ಬಿಡಿಸಿಕೊಳ್ಳಲಿಲ್ಲ. ಸಾಹೇಬರ ಕಡೆ ತಿರುಗಿದರು. "ಖರೇನ ಕೇಳಾಕತ್ತಾನ್ರಿ. ಉತ್ತರ ಕೊಡ್ರಿ."

ಅಷ್ಟರಲ್ಲಿ ಹಿಂದಿನಿಂದ ಹರಪನಹಳ್ಳಿಯ ಓಟಗಾರ ಬಂದ. ಹೆದರಿ ನಿಂತ. ಆ ಹೆಂಗಸು ಒಂದು ಕೊಡ ಎತ್ತಿ ದಾರಿ ಮಾಡಿದಳು. "ನೀ ನಮ್ಮ ಲೈನಿನಾವಲ್ಲ, ಹೋಗಪಾ." ಅವನು ಹೋದ. ಕೊಡವನ್ನು ಮತ್ತೆ ಇಟ್ಟಳು. ಜನ ನಕ್ಕರು. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಸಾಹೇಬರ ಮುಖ ಕಪ್ಪಿಟ್ಟಿತು.

"ಹತ್ರಿ ಮೇಸ್ತ್ರಿ, ಲಗೂನ ಮುಗಿಸ್ರಿ," ಎಂದರು.

ಎಲ್ಲಿ ಕೆಟ್ಟಿದೆ ಎಂದು ಮೇಸ್ತ್ರಿ ಓಡುವಾಗಲೇ ನೋಡಿಕೊಂಡಿದ್ದರು. ಊರು ಹೊಗುವಲ್ಲೇ ಇದ್ದ ಕಂಬದ ಮೇಲೆ ಎರಡು ಕಡೆಯ ತಂತಿ ಸೇರಿಸುವ ತುಂಡು ಹರಿದು ಜೋತಿತ್ತು. ಅವರು ಜೀಪಿನ ಹಿಂಬದಿಗೆ ಹೋಗಿ ಕೈಹಾಕಿದರು. ಬಾಳೆಹಣ್ಣು, ಗ್ಲೂಕೋಸ್, ಬ್ಯಾನರು. ಭಾರವೆಂದು ಸಾಹೇಬರು ಸಾಮಾನನ್ನೆಲ್ಲ ಹಿಂದಿನ ದಿನವೇ ಇಳಿಸಿದ್ದರು. ಡ್ರೈವರನ ಸೀಟಿನ ಕೆಳಗೆ ಒಂದು ಕಟ್ಟಿಂಗ್ ಪ್ಲೇಯರ್, ಒಂದು ಹಗ್ಗ, ಒಂದಿಷ್ಟು ತಂತಿ ಸಿಕ್ಕವು. ಸರಪಳಿ ಇಲ್ಲ.

"ಎಮ್ಮಿ ಕಟ್ಟೂ ಸರಪಳಿ ತರ್ರಿ," ಎಂದರು ಜನಕ್ಕೆ. "ಒಂದಲ್ಲ, ನಾಕು ಮನೀವು ಬೇಕು. ಮತ್ತ ನೆಲಕ್ಕ ನೆಡಾಕ ಒಂದು ಹಾರಿ."

"ಯಾಕ, ಕಂಬಕ್ಕ ಎಮ್ಮಿ ಕಟ್ಟಾಂವೇನು?" ಎಂದ ಕೆಂಪು ಟವೆಲ್ಲಿನವನು.

"ಹೌದು, ನಿನ್ನ ಕಟ್ಟತೀನಿ. ತಗೊಂಬಾ ಹೋಗು."

ಸಾಹೇಬರು ಗಡಿಯಾರ ನೋಡಿಕೊಳ್ಳುತ್ತ, "ಲೈನ್ ಕ್ಲಿಯರ್ ತಗೊಂಡರ ಸಾಕಲ್ರೀ, ಇದೆಲ್ಲಾ ಯಾಕ?" ಎಂದು ಕೂಗಿದರು. ಮೇಸ್ತ್ರಿ ನೆಲದ ಮೇಲೆ ಕೂತು ಕೊಂಡಿ ಬಿಚ್ಚತೊಡಗಿದರು. ನಾಲ್ಕು ಮನೆಯ ಸರಪಳಿಗಳನ್ನು ಒಂದಕ್ಕೊಂದು ಕೊಂಡಿ ಸೇರಿಸಲು ಹತ್ತು ನಿಮಿಷ ಹಿಡಿಯಿತು. ನಾನೂ ಮನಸ್ಸಿನಲ್ಲಿ ಬೈದುಕೊಂಡೆ. ಬಾರುಕೋಲಿನವನ ಸದ್ದಿನಿಂದ ಒಮ್ಮೆ ಪಾರಾದರೆ ಸಾಕಿತ್ತು ನನಗೆ.

ಬಸ್ ನಿಲ್ಲುವಲ್ಲಿ ಒಂದು ಎಸ್‌ಟಿಡಿ ಬೂತಿತ್ತು. ಕರೆಂಟಿಲ್ಲದೆ ಮೀಟರ್ ಸತ್ತಿದ್ದರೂ ಫೋನಿಗೆ ಜೀವವಿತ್ತು. ಮೇಸ್ತ್ರಿ ಸಬ್‌ಸ್ಟೇಷನ್ನಿಗೆ ಮಾತಾಡಿ ತಮ್ಮ ಹೆಸರಿನಲ್ಲಿ ಲೈನ್ ಕ್ಲಿಯರ್ ತೆಗೆದುಕೊಂಡರು. ಆಮೇಲೆ ನನ್ನನ್ನು ಆ ಸ್ಟೂಲಿನ ಮೇಲೆ ಕೂರಿಸಿದರು. "ಇಲ್ಲೇ ಕುಂದ್ರು. ಈ ಫೋನ್ ಯಾರನ್ನೂ ಮುಟ್ಟಗೊಡಬ್ಯಾಡ. ವಾಪಸ್ ನಾನ ಬಂದು ಕೊಡ್ತೀನಿ. ತಿಳೀತೇನು?" ಎಂದರು. ಕೋಲನ್ನು ಬೆನ್ನ ಹಿಂದೆ ಚಡ್ಡಿಗೆ ಸಿಕ್ಕಿಸಿಕೊಂಡು ಹೋದರು. ಬೂತಿನಿಂದ ಕಂಬ ಕಾಣುತ್ತಿರಲಿಲ್ಲ. ನಡುವೆ ಹಿಟ್ಟಿನ ಗಿರಣಿಯ ಗೋಡೆ.

ಎಷ್ಟು ಹೊತ್ತಾಯಿತೋ. ಗೋಡೆಯಾಚೆ ಜನ ಒಮ್ಮೆಲೇ ಹೋ ಎಂದರು. ಸಾಹೇಬರು ಓಡಿ ಬಂದರು. ಕೈಯಲ್ಲಿ ಕೋಲಿತ್ತು. ಮುಂದಿನವನಾದರೂ ಓಡಲಿ ಎಂದು ಮೇಸ್ತ್ರಿ ಮೇಲಿನಿಂದ ಕೋಲನ್ನು ಎಸೆದಿದ್ದರು. ಓಟದಲ್ಲಿ ಮುಳುಗಿದ್ದ ಸಾಹೇಬರಿಗೆ ಕೋಲು ಬಂದರೆ ಆ ಮನುಷ್ಯನ ಪಾಳಿ ಮುಗಿದಂತೆ.

"ಕೋಲು ಬಂತು, ಕೆಲಸ ಮುಗೀತು. ವಾಪಸ್ ಕೊಡ್ರಿ, ಕರೆಂಟ್ ಬಿಡಾಕ ಹೇಳ್ರಿ. ನೀರು ಬಂದರ ಇವರು ಕೀಲಿ ಕೊಡ್ತಾರ."

"ಮೇಸ್ತ್ರಿ ಇಳದಾರೇನ್ರಿ ಸರ್?" ಎಂದು ಕೇಳಿದೆ.

"ಇಳೀತಾರ. ನೀವು ಫೋನ್ ಮಾಡೂದ್ರಾಗ ಇಳೀತಾರ."

ಕೇಳಿದ್ದೆ ಎಂಬುದೇ ನನ್ನ ಮೇಲಿನ ಸಾಕ್ಷಿ. ಗೊತ್ತಿಲ್ಲದೆ ಮಾಡಿದೆ ಎನ್ನಲು ನನಗೆ ಬಾಯಿಲ್ಲ. ಹೊರಗೆ ಜೀಪಿಗೆ ಬೀಳುತ್ತಿದ್ದ ಏಟು ಕೇಳುತ್ತಿತ್ತು. ನಾನು ನಂಬರ್ ತಿರುಗಿಸಿದೆ. "ಮೇಸ್ತ್ರಿಯವರ ಪರವಾಗಿ ವಾಪಸ್ ಕೊಡ್ತಿದ್ದೀನಿ," ಎಂದೆ. ಆಪರೇಟರ್ ಗಂಟೆ ಬರೆದುಕೊಂಡ. ದಿನಾ ಕಚೇರಿಯಿಂದ ಕೇಳುವ ದನಿ ನನ್ನದು. ನಂಬಿದ.

ಢಂ ಎಂದಿತು. ಗಿರಣಿಯ ತಗಡು ಅದುರಿತು. ಆಮೇಲೆ ಜೀಪಿನ ಏಟೂ ಇಲ್ಲ, ಜನರ ದನಿಯೂ ಇಲ್ಲ.  ಗೋಡೆ ಸುತ್ತಿ ಓಡಿದೆ. ಹಾರೆ ನೆಟ್ಟಲ್ಲಿ ಮಣ್ಣು ಹೊಗೆಯಾಡುತ್ತಿತ್ತು. ಮೇಲೆ ಎಮ್ಮೆಯ ಸರಪಳಿ ಕರ್ರಗಾಗಿ ತೂಗುತ್ತಿತ್ತು. ಅದರಿಂದ ಒಂದು ಮಾರು ಆಚೆ ಮೇಸ್ತ್ರಿ, ಕಂಬವನ್ನು ಎರಡೂ ತೋಳಿನಿಂದ ಅಪ್ಪಿಕೊಂಡು, ಕಣ್ಣು ಮುಚ್ಚಿಕೊಂಡು ನಿಂತಿದ್ದರು.

ಕಣ್ಣು ಬಿಟ್ಟು ಕೆಳಗೆ ನೋಡಿದರು. "ಯಾರು ಕೊಟ್ರು ಲೈನು?"

ಸಾಹೇಬರು ಕೋಲನ್ನು ನೋಡುತ್ತ ನಿಂತಿದ್ದರು. ನಾನು ಶಾಲೆಯಲ್ಲಿ ಎತ್ತುವಂತೆ ಕೈಯೆತ್ತಿದೆ.

ಅವರು ಒಂದು ಕೈ ಬಿಡಿಸಿಕೊಂಡು ಬೂತಿನ ಕಡೆ ತೋರಿಸಿದರು. "ಲೈನು ತಾನ ಬಂದ್ ಬಿದ್ದೈತಿ. ಹೋಗಿ ಆಪರೇಟರಗ ಹೇಳು. ನನ್ನ ದನಿ ಕೇಳೂತನಾ ಏನೂ ಮುಟ್ಟಬ್ಯಾಡ ಅಂತ." ನಾನು ಹೇಳಿ ಬರುವ ಹೊತ್ತಿಗೆ ಅವರು ಹರಿದ ತುಂಡನ್ನು ಮತ್ತೆ ಕೈಗೆತ್ತಿಕೊಂಡಿದ್ದರು. ಕೆಲಸ ಪೂರ್ತಿ ಮುಗಿಸಿದರು. ಸರಪಳಿ ಬಿಚ್ಚಿದರು, ಇಳಿದರು, ಬೂತಿಗೆ ನಡೆದು ಹೋದರು. ನನ್ನನ್ನು ಸ್ಟೂಲಿನಿಂದ ಏಳಿಸಲಿಲ್ಲ, ನಾನೇ ಎದ್ದೆ. ಫೋನನ್ನು ಮುಂಗೈಯಿಂದ ಮುಟ್ಟಿ ಆಮೇಲೆ ಹಿಡಿದರು. "ನಾನ ಮಾತಾಡಾಕತ್ತೀನಿ. ನಾನು ಇಳದೀನಿ. ಸರಪಳಿ ತಗದೀನಿ. ಈಗ ಕೊಡು."

ಬೋರಿನ ಮೋಟರು ಎದ್ದಿತು. ಯಾರೂ ಅವರಿಗೆ ಕೈಮುಗಿಯಲಿಲ್ಲ. ಆ ಹೆಂಗಸು ಕೊಡ ಎತ್ತಿಕೊಳ್ಳುವ ಮೊದಲು ತನ್ನ ಸರಪಳಿ ಹುಡುಕಿದಳು. ಎರಡು ಕೊಂಡಿ ಕರಗಿ ಒಂದಾಗಿದ್ದವು. "ಇದರಾಗ ಎಮ್ಮಿ ಹೆಂಗ ಕಟ್ಟಲಿ?" ಎಂದು ಜಗಳ ತೆಗೆದಳು. ಮೇಸ್ತ್ರಿ ಮುಂದಿನ ವಾರ ಹೊಸದು ತಂದುಕೊಟ್ಟು, ಹಳೆಯದನ್ನು ತಾವೇ ಇಟ್ಟುಕೊಂಡರು. ಅವತ್ತು ಅವರು ಬಸ್ಸು ಹತ್ತಿ ಹಿಂದಕ್ಕೆ ಹೋದರು. ನಾವು ಹಡಗಲಿ ಮುಟ್ಟಿದಾಗ ಮಧ್ಯಾಹ್ನ ಮೂರು. ನಮಗೆಂದು ಕಟ್ಟಿದ್ದ ಮಲ್ಲಿಗೆ ಹಾರಗಳು ಕುರ್ಚಿಯ ಮೇಲೆ ಬಾಡಿ ಬಿದ್ದಿದ್ದವು.

ವಿಚಾರಣೆಯಾಯಿತು. ಸಾಹೇಬರು ತಮಗೇನೂ ಗೊತ್ತಿಲ್ಲ ಎಂದರು. ಮೇಸ್ತ್ರಿ, "ನಾನು ಮ್ಯಾಲಿದ್ದೆ. ಕೆಳಗ ಏನಾತು ನನಗ ಕಂಡಿಲ್ರಿ" ಎಂದು ಬರೆದುಕೊಟ್ಟರು. ವಿಚಾರಣೆ ಅಲ್ಲಿಗೇ ಮುಗಿಯಿತು. ನಾನು ಕೆಲಸ ಬಿಡುವ ಅರ್ಜಿ ಬರೆದು ಮಡಚಿ ಇಟ್ಟುಕೊಂಡಿದ್ದೆ. ಅವರ ಕಾಲು ಹಿಡಿಯಲೆಂದು ಎದ್ದವಳನ್ನು ಅವರು ಕೈಯಡ್ಡ ಮಾಡಿ ತಡೆದರು.

"ನಿನ್ನ ಉಳಸಾಕ ಹೇಳಿಲ್ಲ ನಾನು. ನಿನ್ನ ಮಾರಿ ನೋಡಾಕೂ ನನಗ ಮನಸಿಲ್ಲ. ಆದ್ರ ನಿನ್ನ ತಗದರ ಇನ್ನೊಬ್ಬಾಕಿ ಬರ್ತಾಳ. ಆಕಿಗೆ ಇದು ಗೊತ್ತಿರೂದಿಲ್ಲ. ನಿನಗ ಗೊತ್ತೈತಿ."

ನನ್ನ ಮೇಜಿನ ಎದುರು ಗೋಡೆಗೆ ಮೊಳೆ ಹೊಡೆದು, ಕೊಂಡಿ ಕರಗಿದ ಸರಪಳಿ ನೇತುಹಾಕಿದರು. ಅಂದಿನಿಂದ ಯಾವ ಲೈನ್‌ಮನ್ ಎಲ್ಲಿ ಕಂಬ ಹತ್ತಿದರೂ ನನಗೂ ಫೋನ್ ಮಾಡಿ ಹೇಳಬೇಕು, ಇಳಿದ ಮೇಲೆ ಅವನದೇ ದನಿಯಲ್ಲಿ ಹೇಳಬೇಕು, ನಾನು ಬರೆದಿಡಬೇಕು ಎಂದು ಅವರೇ ನಿಯಮ ಮಾಡಿದರು. ಮೇಲಿನವರು ಯಾರೂ ಹೇಳಿದ್ದಲ್ಲ. ಒಮ್ಮೆ ಒಬ್ಬನ ಬದಲು ಅವನ ಜೊತೆಗಾರ ಹೇಳಿದಾಗ ನಾನು ಒಪ್ಪದೆ ಫೋನಿನಲ್ಲಿ ಕಿರುಚಾಡಿದೆ. ಬಾಗಿಲಲ್ಲಿ ನಿಂತು ಕೇಳಿದ ಮೇಸ್ತ್ರಿ ಹೊಗಳಲಿಲ್ಲ. "ಕುರ್ಚಿಗೂ ಒಂದೊಂದ್ಸಲ ಕರೆಂಟ್ ಹೊಡೀತೈತಿ," ಎಂದು ಹೋದರು.

ಅವರು ತೀರಿಕೊಂಡದ್ದು ನಿವೃತ್ತಿಯಾಗಿ ಎಷ್ಟೋ ಕಾಲಕ್ಕೆ, ತಮ್ಮ ಮನೆಯ ಮಂಚದ ಮೇಲೆ, ಮುಪ್ಪಿನಿಂದ. ಮಣ್ಣಿಗೆ ಹೋಗಿದ್ದೆ. ಎಡಗೈಯ ಮೂರು ಬೆರಳು ಎದೆಯ ಮೇಲಿದ್ದವು. ಮುಂಗೈಯಿಂದ ಒಮ್ಮೆ ಮುಟ್ಟಿ ಬಂದೆ.

ನನ್ನ ನಿದ್ದೆಗೇಡಿನ ಲೆಕ್ಕ ಮುಗಿದದ್ದು ಮಾತ್ರ ಅದಕ್ಕೂ ಮೊದಲು. ಓಟದ ದಿನದಿಂದ ಐದು ವರ್ಷ, ಕನಸಿನಲ್ಲಿ ಗಿರಣಿಯ ತಗಡು ಅದುರಿ ನಾನು ಏಳದ ರಾತ್ರಿಯಿಲ್ಲ. ಎದ್ದಾಗಲೆಲ್ಲ ಬಾಯಲ್ಲಿ ಅದೇ ಪ್ರಶ್ನೆ: ಇಳದಾರೇನ್ರಿ? ಅವರ ನಿವೃತ್ತಿಯ ದಿನ ಕಚೇರಿಯಲ್ಲಿ ಹಾರ ತರಿಸಿ ಕಾಯುತ್ತಿದ್ದೆವು. ಅವರು ಮಾತ್ರ ಯಾವುದೋ ತೋಟದ ಲೈನಿಗೆ ಹೋಗಿದ್ದರು. ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಫೋನ್ ಬಂತು.

"ನಾನ ಮಾತಾಡಾಕತ್ತೀನಿ. ನಾನು ಇಳದೀನಿ. ಸರಪಳಿ ತಗದೀನಿ." ಮತ್ತೆ, "ಬರಕೋ ತಂಗಿ. ಇನ್ನ ಹತ್ತೂದಿಲ್ಲ" ಎಂದರು.

ಬರೆದುಕೊಂಡೆ. ಆ ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಹಾಲಿನವನು ಬಾಗಿಲು ಬಡಿಯುತ್ತಿದ್ದ. ಹೊರಗೆ ಬಿಸಿಲು ಬಂದಿತ್ತು.