ಜೋಡಿಯಲ್ಲಿ ಒಂದಕ್ಕೆ ಮಾತ್ರ ಹೊಸ ಟ್ಯೂಬು

ಎಂಬತ್ತರ ದಶಕದ ನಡುಭಾಗ. ಹಳೆಯ ಆಡಿಯೋ ಉಪಕರಣಗಳನ್ನು ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ರೆಡ್‌ವುಡ್ ಸಿಟಿಯಲ್ಲಿ ನಡೆಸುತ್ತಿದ್ದೆ. ಪ್ಲೆಸೆಂಟನ್ ಊರಿನ ಡಾಕ್ಟರ್ ಸುರೇಶ್ ಅವರಿಗೆ ಒಂದು ಜೊತೆ ಮೋನೋ ಟ್ಯೂಬ್ ಪ್ರೀಆಂಪ್ ಕೊಟ್ಟಿದ್ದೆ, ಅಂದರೆ ಟೇಪಿನ ಸಣ್ಣ ಸದ್ದನ್ನು ಗಾಜಿನ ಟ್ಯೂಬುಗಳಿಂದ ಹದಮಾಡಿ ಆಂಪ್ಲಿಫಯರಿಗೆ ಕಳಿಸುವ ಪೆಟ್ಟಿಗೆ. ಸ್ಟೀರಿಯೋ ಬರುವ ಮುಂಚಿನ ಈ ಪೆಟ್ಟಿಗೆಗಳು ಒಂದೇ ಚಾನೆಲ್ಲಿನವು. ಸ್ಟೀರಿಯೋ ಬೇಕೆಂದರೆ ಎಡಕ್ಕೊಂದು, ಬಲಕ್ಕೊಂದು ಇಡಬೇಕು. ಎರಡರ ಗುಣ ಹೊಂದಿತೆಂದರೆ, ವೀಣೆಯ ನಾದ ಎರಡು ಸ್ಪೀಕರುಗಳ ನಟ್ಟನಡುವೆ ಕೂತಂತೆ ಕೇಳಿಸುತ್ತದೆ.

ಒಂದು ಮಧ್ಯಾಹ್ನ ಅವರ ಫೋನು: “ತಕ್ಷಣ ಬನ್ರೀ.”

ಹೋದಾಗ ಅವರ ಪತ್ನಿ ವಿಮಲಾ ವೀಣೆ ನುಡಿಸಿದ ಮೊದಲ ರೆಕಾರ್ಡಿಂಗಿನ ಟೇಪು ಓಡುತ್ತಿತ್ತು. ಮಂದ್ರ ಸ್ವರಗಳು ಸ್ಪೀಕರುಗಳ ನಡುವೆ ನಿಂತಿದ್ದವು. ತಾರಕ್ಕೇರಿದೊಡನೆ ವೀಣೆ ಎಡಗೋಡೆಗೆ ಜಾರುತ್ತಿತ್ತು.

“ಮೈಕ್ ಇಟ್ಟಿದ್ದೇ ತಪ್ಪು ಅಂತಾರೆ ಇವರು. ಜೊತೆಗೆ ನುಡಿಸಿದ ಮೃದಂಗದವರು ಸಂಜೆ ಫ್ಲೈಟಿಗೆ ಊರಿಗೆ ಹೊರಟಿದ್ದಾರೆ. ಮತ್ತೆ ನುಡಿಸೋಕೆ ಅವರನ್ನ ನಿಲ್ಲಿಸ್ಲಾ, ಕಳಿಸ್ಲಾ?” ಎಂದರು ವಿಮಲಾ. ಕೈ ಫೋನಿನ ಮೇಲೇ ಇತ್ತು.

“ಟೇಪ್ ಸರಿ ಇದ್ರೆ ನಿಮ್ಮ ಡಬ್ಬಾನೇ ಕೆಟ್ಟಿರ್ಬೇಕು,” ಡಾಕ್ಟರು ನನ್ನತ್ತ ತಿರುಗಿದರು. “ಜೋಡಿ ಅಂತ ಹೊಗಳಿ ಹೊಗಳಿ ಕೊಟ್ಟೋರು ನೀವೇ ತಾನೆ?”

“ಡಬ್ಬಾ ಕೆಟ್ಟಿದ್ರೆ ಎರಡನ್ನೂ ವಾಪಸ್ ಒಯ್ತೀನಿ. ಕೆಡಿಸಿದ್ದು ನೀವಾದ್ರೆ ಫಿಲ್ಟರ್ ಕಾಫಿ ನೀವೇ ಮಾಡ್ಬೇಕು, ಒಪ್ಪಿಗೇನಾ?”

ಟೇಪ್ ಡೆಕ್ಕಿನಿಂದ ಬರುವ ಎಡಬಲದ ವೈರುಗಳನ್ನು ಪ್ರೀಆಂಪುಗಳ ಹಿಂದೆ ಅದಲುಬದಲು ಮಾಡಿದೆ. ದೋಷ ಟೇಪಿನದಾದರೆ ವೀಣೆ ಈಗ ಬಲಕ್ಕೆ ಜಾರಬೇಕು. ಎಡದಲ್ಲೇ ಉಳಿದರೆ ಟೇಪು ನಿರ್ದೋಷಿ, ತಪ್ಪು ಎಡಗಡೆಯ ಪೆಟ್ಟಿಗೆಯ ಕಡೆಯದು. ವಿಮಲಾ ಟೇಪನ್ನು ಮತ್ತೆ ಓಡಿಸಿದರು. ಸ್ವರ ಏರಿತು. ವೀಣೆ ಎಡಕ್ಕೇ ಹೋಯಿತು.

ವಿಮಲಾ ಮುಖ ಅರಳಿತು, ನನ್ನದು ಬಿಗಿದುಕೊಂಡಿತು. ಎಡಗಡೆಯ ಪ್ರೀಆಂಪಿನ ಮುಚ್ಚಳ ತೆಗೆದೆ. ಮಸುಕಾದ ಟ್ಯೂಬುಗಳ ನಡುವೆ ಒಂದು ಫಳಫಳ ಹೊಳೆಯುತ್ತಿತ್ತು, ಬೇರೆ ಕಂಪನಿಯದು.

“ಇದು ನಾನು ಹಾಕಿದ್ದಲ್ಲ, ಡಾಕ್ಟ್ರೇ.”

“ಅದು... ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಿಕ್ತು. ಹೋಲಿಸಿ ನೋಡೋಣ ಅಂತ ಒಂದಕ್ಕೆ ಮಾತ್ರ...”

“ವಾರದಿಂದ ನನ್ನ ರೆಕಾರ್ಡಿಂಗ್ ಮೇಲೆ ತಪ್ಪು ಹೊರಿಸ್ತಿದ್ರಲ್ರೀ!” ಎಂದರು ವಿಮಲಾ.

ಹೊಸ ಟ್ಯೂಬು ತಾರ ಸ್ವರಗಳನ್ನು ಎಡಗಡೆ ಮಾತ್ರ ಜೋರು ಮಾಡುತ್ತಿತ್ತು. ಡಾಕ್ಟರ ಡ್ರಾಯರಿನಿಂದ ಹಳೆಯ ಟ್ಯೂಬು ತರಿಸಿ ಹಾಕಿದೆ. ಬಿಸಿಯಾಗುವವರೆಗೆ ಕಾದು ಟೇಪು ಓಡಿಸಿದೆ. ಆಮೇಲೆ ಮಂದ್ರದಿಂದ ತಾರದವರೆಗೆ ವೀಣೆ ನಡುವೆಯೇ ಕೂತಿತು, ಅಲುಗಲಿಲ್ಲ. ವಿಮಲಾ ಫೋನೆತ್ತಿ ಮೃದಂಗದವರಿಗೆ, “ನೆಮ್ಮದಿಯಾಗಿ ಹೊರಡಿ” ಎಂದರು. ಡಾಕ್ಟರು ಅಡುಗೆಮನೆಗೆ ನಡೆದರು.

ಮೋನೋ ಪ್ರೀಆಂಪನ್ನು ಜೋಡಿಯಾಗಿ ಕೊಳ್ಳುವವರಿಗೆ ಇಂದಿಗೂ ನಾನು ಹೇಳುವುದು ಇಷ್ಟೇ: ಬದಲಿಸುವುದಾದರೆ ಎರಡಕ್ಕೂ ಬದಲಿಸಿ, ಇಲ್ಲವೇ ಕೈಯಿಡಬೇಡಿ. ಮತ್ತೆ, ನುಡಿಸಿದವರನ್ನು ಅನುಮಾನಿಸುವ ಮೊದಲು ವೈರು ಅದಲುಬದಲು ಮಾಡಿ ನೋಡಿ.